ದೇವರ ಸುತ್ತು

ನಮ್ಮ ಭಾವ ದೇವಾನಂದನ ಮನೆಯಲ್ಲಿ ಊಟಕ್ಕೆ ಕೂತರೆ ಉಪ್ಪಿನಕಾಯಿ ಮಾತ್ರ ಕೇಳಬೇಡಿ. ಇಲ್ಲ ಅಂತಲ್ಲ, ಬಾಟಲಿ ಇದೆ, ಬಾಟಲಿ ತುಂಬ ಮಿಡಿಯೂ ಇದೆ. ಮುಚ್ಚಳ ಬಿಚ್ಚುವುದಿಲ್ಲ. ಕಳೆದ ಸಲ ಅದನ್ನು ಮುಚ್ಚಿದವನು ಭಾವ. ಅವನ ಹೆಂಡತಿ, ಅಂದರೆ ನನ್ನ ಅಕ್ಕ ಜಯಶ್ರೀ, ನಳ ತಿರುಗಿಸಬೇಕಾದರೂ ಎಣ್ಣೆ ಡಬ್ಬಿ ತೆಗೆಯಬೇಕಾದರೂ ಅಂಗಡಿಯ ಕಡೆ ಮುಖ ಮಾಡಿ "ಹೋಯ್, ಒಂಚೂರು ಬಂದು ಹೋಗಿ" ಅಂತ ಕೂಗಬೇಕು. ಅಂಗಡಿ ಮನೆಯ ಮುಂದೆಯೇ ಇದೆ, ಅಮದಳ್ಳಿಯಲ್ಲಿ ಹೈವೇಗೆ ತಾಗಿ. ಸೈಕಲ್ ರಿಪೇರಿ ಅಂಗಡಿ.

ಭಾವನ ಕಸುಬಿನ ಗುಟ್ಟು ಒಂದೇ. ನಟ್ಟನ್ನು ಎಷ್ಟು ಬಿಗಿಯಬೇಕೋ ಅಷ್ಟು ಬಿಗಿದ ಮೇಲೆ ಬೇರೆ ಮೆಕ್ಯಾನಿಕ್ಕುಗಳು ಪಾನಾ ಕೆಳಗಿಡುತ್ತಾರೆ. ಇವನು ಇಡುವುದಿಲ್ಲ. ಕಣ್ಣು ಮುಚ್ಚಿ, ಉಸಿರು ಹಿಡಿದು, ಇನ್ನೊಂದು ಅರ್ಧ ಸುತ್ತು ತಿರುಗಿಸುತ್ತಾನೆ. "ಇದು ದೇವರ ಸುತ್ತು" ಅನ್ನುತ್ತಾನೆ. ಮೊದಲಿನದೆಲ್ಲ ಗಿರಾಕಿಯದು, ಕೊನೆಯ ಅರ್ಧ ದೇವರದು. ಅವನು ಬಿಗಿದ ಚಕ್ರ ರಸ್ತೆಯಲ್ಲಿ ಕಳಚಿದ್ದನ್ನು ಕಾರವಾರದಿಂದ ಅಂಕೋಲೆಯವರೆಗೆ ಯಾರೂ ನೋಡಿಲ್ಲ. ಎರಡು ಬುಟ್ಟಿ ಬಂಗಡೆ ಹೇರಿಕೊಂಡು ಹೋಗುವ ಮೀನಿನವರ ಸೈಕಲ್ಲುಗಳೆಲ್ಲ ಅವನ ಕೈಯವೇ. ಬೇರೆ ಊರಲ್ಲಿ ಪಂಕ್ಚರ್ ಆದರೆ ಅಲ್ಲಿಯವರು ಚಕ್ರ ಬಿಚ್ಚಲಾಗದೆ ತಿರುಗಿ ಇವನ ಹತ್ತಿರವೇ ಕಳಿಸುತ್ತಿದ್ದರು. ಅಂಗಡಿ ಇಷ್ಟು ವರ್ಷ ನಡೆದದ್ದೇ ಹಾಗೆ ಅಂತ ನನ್ನ ಅಭಿಪ್ರಾಯ.

ಮೊದಲು ಅವನ ಅಂಗಡಿ ಚೆಂಡಿಯಾದಲ್ಲಿತ್ತು. ನೌಕಾನೆಲೆಗೆ ಜಾಗ ಹೋಯಿತು. ಮನೆ, ಅಂಗಡಿ, ಹಿತ್ತಲಿನ ಹಲಸಿನ ಮರ ಸಮೇತ. ಬಿಟ್ಟು ಬರುವ ದಿನ ಭಾವ ಅಂಗಡಿ ಬಾಗಿಲಿನ ಚಿಲಕವನ್ನಾದರೂ ತರೋಣ ಅಂತ ಹೋದ. ತಾನೇ ಬಿಗಿದ ಸ್ಕ್ರೂ, ಬಿಚ್ಚಲಿಲ್ಲ. ಚಿಲಕ ಅಲ್ಲೇ ಉಳಿಯಿತು. ಆಮೇಲೆ ಅವನ ಬಿಗಿಯುವ ಹುಚ್ಚು ಕಡಿಮೆಯಾದೀತು ಅಂದುಕೊಂಡರೆ ದುಪ್ಪಟ್ಟಾಯಿತು. ಒಮ್ಮೆ ನಾನು ಬೈದದ್ದಕ್ಕೆ, "ಒಂದು ಊರೇ ಕೈಯಿಂದ ಜಾರಿ ಹೋಯ್ತಲ್ಲ ಕೇಶವ, ಮುಚ್ಚಳವಾದ್ರೂ ಗಟ್ಟಿ ಇರ್ಲಿ" ಅಂದ. ಆ ದಿನ ನನಗೆ ನಗು ಬರಲಿಲ್ಲ, ಬೇಜಾರಾಯಿತು.

ಕೇಶವ ಅಂದರೆ ನಾನು. ಅಂಕೋಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ಇಪ್ಪತ್ತಾರು ವರ್ಷ ಕನ್ನಡ, ಇಂಗ್ಲಿಷ್ ಎರಡನ್ನೂ ಬಡಿದಿದ್ದೇನೆ. ನಮ್ಮ ಬಳಗದಲ್ಲಿ ಇಂಗ್ಲಿಷಿನ ಯಾವ ಕಾಗದ ಬಂದರೂ, ಔಷಧದ ಚೀಟಿಯಿಂದ ಹಿಡಿದು ಜಾಗ ಬಿಡುವ ನೋಟೀಸಿನವರೆಗೆ, ಓದಿ ಹೇಳುವವನು ನಾನೇ. ಈ ಸೈಕಲ್ಲಿನ ಪ್ರಕರಣದಲ್ಲಿ ತಪ್ಪೆಲ್ಲ ನನ್ನದು ಅಂತ ಅಮದಳ್ಳಿಯಲ್ಲಿ ಹೇಳಿಕೊಂಡು ತಿರುಗುತ್ತಾರೆ. ಪೂರ್ತಿ ಕೇಳಿ, ಆಮೇಲೆ ನೀವೂ ಬೇಕಾದರೆ ಹೇಳಿ.

2009ನೇ ಇಸವಿ, ದೀಪಾವಳಿ ಕಳೆದಿತ್ತು. ಭಾವನ ಒಬ್ಬಳೇ ಮಗಳು ದೀಪಾಲಿ ಕಾರವಾರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಅಷ್ಟರಲ್ಲಿ ಐದು ಸಂಬಂಧ ಬಂದು ಹೋಗಿದ್ದವು. ಬಂದವರು ಅವಲಕ್ಕಿ ತಿಂದು ಮುಗಿಸುವವರೆಗೆ ಸುಮ್ಮನೆ ಕೂತಿದ್ದು, ಅವರ ಗಾಡಿ ತಿರುವು ದಾಟಿದ ಕೂಡಲೇ "ಬೇಡ" ಅನ್ನುತ್ತಿದ್ದಳು. ಒಬ್ಬನ ಎದುರಾದರೂ ಹಲ್ಲು ಕಾಣುವ ಹಾಗೆ ನಕ್ಕವಳಲ್ಲ. ಆರನೆಯವನು ಅಂಕೋಲೆಯ ಸೂರಜ್, ಕೈಗಾ ಅಣುಸ್ಥಾವರದಲ್ಲಿ ಇಂಜಿನಿಯರ್. ಅವನ ಫೋಟೋ ಬಂತು, ಗಣಿತದ ಪುಸ್ತಕದೊಳಗೆ ಹೋಯಿತು, ಹೊರಗೆ ಬರಲಿಲ್ಲ. ಈ ಸಲ ಸೀರೆಯನ್ನೂ ಅವಳೇ ಆರಿಸಿದಳು. ಅಕ್ಕ ನನ್ನನ್ನು ಮೂಲೆಗೆ ಕರೆದು, "ಇದೊಂದು ತಪ್ಪಿದ್ರೆ ಅವಳು ಮತ್ತೆ ಯಾರ ಮುಂದೆಯೂ ಬಂದು ಕೂರೋದಿಲ್ಲ ಕೇಶವ. ನೀನು ಬಾಯಿ ಮುಚ್ಚಿಕೊಂಡಿರು" ಅಂದಳು. ಮುಚ್ಚಿಕೊಂಡಿರಲು ನಾನೇನು ಉಪ್ಪಿನಕಾಯಿ ಬಾಟಲಿಯೇ?

ಆ ರವಿವಾರ ಬೆಳಿಗ್ಗೆ ಅಂಕೋಲೆಯಿಂದ ಒಂದು ಓಮ್ನಿ ಬಂತು. ಹುಡುಗನ ತಾಯಿ ಇಳಿದರು, ತಾಯಿಯ ಅಣ್ಣ ದುರ್ಗಪ್ಪ ಇಳಿದರು. ಹುಡುಗ ಇಳಿಯಲಿಲ್ಲ. ಕೇಳಿದರೆ, "ಅವ ಕೈಗಾ ಕಡೆಯಿಂದ ಬರ್ತಾ ಇದ್ದಾನೆ, ಸೈಕಲ್ ಮೇಲೆ" ಅಂದರು ದುರ್ಗಪ್ಪ, ಸ್ವಲ್ಪ ನಾಚಿಕೆಯಿಂದ. ಅಕ್ಕನ ಮುಖ ಸಪ್ಪಗಾಯಿತು. ಭಾವನ ಮುಖ ಅರಳಿತು. ಇಂಜಿನಿಯರ್ ಆಗಿಯೂ ಸೈಕಲ್ ಬಿಡದ ಹುಡುಗ ಸಿಕ್ಕಿದನಲ್ಲ ಅಂತ ಅವನಿಗೆ.

ಹತ್ತು ನಿಮಿಷದಲ್ಲಿ ಹುಡುಗನೂ ಬಂದ. ತಲೆಗೆ ಟೊಪ್ಪಿಗೆ, ಕಣ್ಣಿಗೆ ಕರಿ ಕನ್ನಡಕ, ತೊಡೆಗೆ ಅಂಟಿಕೊಂಡ ಕರಿ ಚಡ್ಡಿ. ಬಾಗಿಲಲ್ಲಿ ಕೂತಿದ್ದ ಭಾವನ ತಾಯಿ, ನಮಗೆಲ್ಲ ಆಯಿ, ಎಂಬತ್ತೆರಡು ವರ್ಷದವಳು, ಅವನನ್ನು ಮೇಲಿಂದ ಕೆಳಗೆ ನೋಡಿ, "ಪಾಪ, ಹೊಳೆ ಹಾಯ್ದು ಬಂದಿರಬೇಕು, ಬಟ್ಟೆ ಮೈಗೆ ಅಂಟಿಬಿಟ್ಟಿದೆ. ಒಂದು ಪಂಚೆ ಕೊಡಿ" ಅಂದಳು. ಪುಣ್ಯಕ್ಕೆ ಅವನ ಪ್ಯಾಂಟು ಅಂಗಿ ಓಮ್ನಿಯಲ್ಲಿದ್ದವು. ಬಚ್ಚಲಿಗೆ ಹೋಗಿ ಬದಲಿಸಿ ಬಂದ ಮೇಲೆ ನೋಡಲು ಚಂದವೇ ಇದ್ದ.

ಭಾವ ಮಾತ್ರ ಹುಡುಗನನ್ನು ನೋಡಲಿಲ್ಲ. ಅವನು ಸೈಕಲ್ಲಿಗೆ ಪ್ರದಕ್ಷಿಣೆ ಹಾಕುತ್ತಿದ್ದ. ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ, ಗಂಟೆ ಸಹ ಇಲ್ಲ. ಟಯರು ಹೆಬ್ಬೆರಳಿನಷ್ಟು. ಆಯಿ ಕೋಲೂರಿಕೊಂಡು ಬಂದು ಒಂದೇ ಕೈಯಲ್ಲಿ ಅದನ್ನು ಎತ್ತಿ ಕೆಳಗಿಟ್ಟಳು. "ತುಂಬಿದ ಕೊಡಕ್ಕಿಂತ ಹಗುರ. ನಮ್ಮನೆ ಕರು ಹುಟ್ಟುವಾಗಲೇ ಇದರ ಮೂರು ಪಾಲು ಇತ್ತು. ಹೊಟ್ಟೆಗಿಲ್ಲದ ಸೈಕಲ್ಲು" ಅಂದಳು.

"ಅದು ಕಾರ್ಬನ್ ಸೈಕಲ್" ಅಂದರು ದುರ್ಗಪ್ಪ. "ಒಂದು ಮಾರುತಿ ಕಾರು ಬರ್ತಿತ್ತು ಆ ದುಡ್ಡಿಗೆ. ಹೇಳಿದ್ರೆ ಕೇಳ್ಬೇಕಲ್ಲ."

ಭಾವ ನನ್ನ ಕಡೆ ನೋಡಿದ. ಕಾರ್ಬನ್ ಅಂದರೆ ಏನು ಅಂತ ನನ್ನನ್ನು ಬಿಟ್ಟು ಇನ್ಯಾರನ್ನು ಕೇಳಬೇಕು? ಇಪ್ಪತ್ತಾರು ವರ್ಷ ಎರಡು ಹಾಳೆಯ ನಡುವೆ ಕಾರ್ಬನ್ ಇಟ್ಟವನು ನಾನು. ಅವನ ಕಿವಿಯಲ್ಲಿ, "ಭಾವ, ಕಾರ್ಬನ್ ಅಂದ್ರೆ ನಕಲು ಪ್ರತಿ. ಡುಪ್ಲಿಕೇಟ್. ಒರಿಜಿನಲ್ ಬೇರೆ ಇರ್ತದೆ" ಅಂದೆ. ಭಾವನಿಗೆ ಹುಡುಗನ ಮೇಲೆ ಕನಿಕರ ಬಂತು. ಕಾರಿನ ದುಡ್ಡು ಕೊಟ್ಟು ನಕಲಿ ಸೈಕಲ್ ತಂದಿದ್ದಾನಲ್ಲ, ಎಷ್ಟು ಪಾಪದವನು. ನಾನು ಬಿಡಲಿಲ್ಲ. ಚಹಾ ಕುಡಿಯುವಾಗ ಮೆಲ್ಲಗೆ, "ಇದರ ಒರಿಜಿನಲ್ ಮನೆಯಲ್ಲಿದೆಯಾ?" ಅಂತ ಕೇಳಿಯೇ ಬಿಟ್ಟೆ.

ಸೂರಜನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕಪ್ಪು ಕೆಳಗಿಟ್ಟ. "ಅದು ಕಾಗದ ಅಲ್ಲ ಮಾಮಾ, ನೂಲು. ಕೂದಲಿಗಿಂತ ಸಣ್ಣ ನೂಲನ್ನು ನೇಯ್ದು, ಅಂಟು ಹಾಕಿ ಗಟ್ಟಿ ಮಾಡಿದ್ದು. ಇಡೀ ಸೈಕಲ್ ಆರು ಕಿಲೋ ಎಂಟುನೂರು ಗ್ರಾಂ." ಒಳಗೆ ಸೌಟು ಬಿದ್ದ ಸದ್ದಾಯಿತು. ದೀಪಾಲಿ ನಗು ತಡೆಯಲು ಒದ್ದಾಡುತ್ತಿದ್ದಳಂತೆ. ಕೈಗಾದಲ್ಲಿ ಅವನು ಭಾರಜಲದ ವಿಭಾಗದವನು. ವಾರವಿಡೀ ಭಾರದ ನೀರು ಕಾಯ್ದವನಿಗೆ ರವಿವಾರ ಹಗುರದ್ದು ಏನಾದರೂ ಬೇಕಾಗುತ್ತದೆ ಅಂತ ನಾನು ಸಮಾಧಾನ ಮಾಡಿಕೊಂಡೆ.

ಆಮೇಲೆ ಅವನು ಒಂದು ಮಾತು ಅಂದ. ಆ ಮಾತು ಅನ್ನಬಾರದಿತ್ತು. "ಬಿಣಗಾ ಘಟ್ಟ ಇಳಿಯುವಾಗ ಸೀಟು ಒಂಚೂರು ಕೆಳಗೆ ಜಾರಿತು ನೋಡಿ." ಜಾರಿತು ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ಭಾವ ಕುರ್ಚಿಯಲ್ಲಿ ನಿಲ್ಲಲಿಲ್ಲ. ದೀಪಾಲಿ ಶಿರಾ ಹಿಡಿದು ಹೊರಗೆ ಬಂದಳು, ಎಲ್ಲರೂ ಅವಳನ್ನು ನೋಡುವಾಗ ಇವನು ಹಿಂಬಾಗಿಲಿಂದ ಅಂಗಳಕ್ಕಿಳಿದ. ನಾನು ಹಿಂದೆಯೇ ಓಡಿದೆ, ತಡೆಯಲು ಅಂತ ಅಲ್ಲ, ನೋಡಲು.

ಸೀಟಿನ ಕೊಳವೆ ಫ್ರೇಮಿನೊಳಗೆ ಇಳಿಯುವಲ್ಲಿ ಒಂದು ಸಣ್ಣ ಬಳೆ, ಅದಕ್ಕೊಂದು ಬೋಲ್ಟು. ಬಳೆಯ ಮೇಲೆ ಇರುವೆಯಷ್ಟು ಅಕ್ಷರ. "ಏನು ಬರ್ದಿದ್ದಾರೆ ಓದು" ಅಂದ ಭಾವ. ಕನ್ನಡಕ ಒರೆಸಿ ಓದಿದೆ: ಮ್ಯಾಕ್ಸ್, ಐದು, ಎನ್ಎಮ್. ಎನ್ ದೊಡ್ಡದು, ಎಮ್ ಸಣ್ಣದು. ಟೈಪಿಂಗಿನಲ್ಲಿ ನಂಬರ್ ಅನ್ನುವುದನ್ನು ಎಷ್ಟು ತರಹ ಚಿಕ್ಕದು ಮಾಡಿ ಬರೆಯುತ್ತಾರೆ ಅಂತ ನನಗೆ ಗೊತ್ತಿಲ್ಲವೇ? "ಐದನೇ ನಂಬರ್ ಕೀ ಹಾಕಿ ಮ್ಯಾಕ್ಸಿಮಮ್ ಟೈಟ್ ಮಾಡಬೇಕು ಅಂತ" ಅಂದೆ. ಭಾವ ಡಬ್ಬಿಯಿಂದ ಐದನೇ ನಂಬರಿನ ಅಲನ್ ಕೀ ತೆಗೆದು ಹಾಕಿದ. ಸರಿಯಾಗಿ ಕೂತಿತು. ನೀವೇ ಹೇಳಿ, ಕೂತಿದ್ದರಿಂದ ನಾನು ಓದಿದ್ದು ಸರಿ ಅಂತ ಯಾರಿಗಾದರೂ ಅನಿಸುವುದಿಲ್ಲವೇ?

ಸೀಟು ಎತ್ತರಿಸಿದ. ಒಂದು ಸುತ್ತು, ಎರಡು ಸುತ್ತು. ಬಿಗಿಯಾಯಿತು. ಮಗಳನ್ನು ನೋಡಲು ಬಂದ ಹುಡುಗನ ಸೈಕಲ್ಲು, ಮ್ಯಾಕ್ಸಿಮಮ್ ಅಂತ ಬೇರೆ ಬರೆದಿದೆ. ಭಾವ ಕಣ್ಣು ಮುಚ್ಚಿದ, ಉಸಿರು ಹಿಡಿದ, ದೇವರ ಸುತ್ತು ಹಾಕಿದ.

ಚಿಟ್ ಅಂತ ಸದ್ದಾಯಿತು. ಹಪ್ಪಳ ಮುರಿದಷ್ಟೇ ಸದ್ದು.

ಬಳೆಯ ಕೆಳಗೆ ಫ್ರೇಮಿನ ಮೇಲೆ ಕೂದಲಿನ ಹಾಗೆ ಒಂದು ಗೆರೆ ಬಿದ್ದಿತ್ತು. ಭಾವ ಅಲ್ಲೇ ನೆಲಕ್ಕೆ ಕುಕ್ಕರುಬಡಿದ. ಮೂವತ್ತೈದು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಸೈಕಲ್ ಮುರಿದದ್ದಿಲ್ಲ. ಅದೇ ಹೊತ್ತಿಗೆ ಒಳಗಿನಿಂದ ದೀಪಾಲಿ ನಕ್ಕದ್ದು ಕೇಳಿಸಿತು, ಬಾಯ್ತುಂಬ ನಗು. ನಮ್ಮ ಹುಡುಗಿ ನೋಡಲು ಬಂದವರ ಎದುರು ನಕ್ಕದ್ದು ಅದೇ ಮೊದಲು.

"ಭಾವ, ಗ್ರೀಸ್ ಹಚ್ಚಿಬಿಡು, ಕಾಣೋದಿಲ್ಲ" ಅಂದೆ. ಹೌದು, ಅಂದೆ. ಆ ನಗು ಕೇಳಿದ ಮೇಲೆ ಇನ್ನೇನು ಹೇಳಲಿ?

ಅವನು ತಲೆ ಎತ್ತಿದ. "ಸಂಜೆ ಅವ ಇದರ ಮೇಲೆ ಟ್ಯಾಂಕರ್ ಲಾರಿ ನಡುವೆ ಹೋಗ್ತಾನೆ ಕೇಶವ. ಘಟ್ಟದಲ್ಲಿ ಮುರಿದ್ರೆ?" ಅಷ್ಟು ಹೇಳಿ ಎದ್ದ. ಕೀಯನ್ನು ಕೈಯಲ್ಲೇ ಹಿಡಿದುಕೊಂಡು ನೇರ ಒಳಗೆ ಹೋದ. ಎಲ್ಲರೂ ನಗುತ್ತಿದ್ದರು. "ನಿಮ್ಮ ಸೈಕಲ್ ಮುರಿದೆ" ಅಂದ. ಸುತ್ತು ಬಳಸಿ ಮಾತಾಡಲು ಅವನಿಗೆ ಮೊದಲಿಂದಲೂ ಬರುವುದಿಲ್ಲ.

ದುರ್ಗಪ್ಪ ಹಾರಾಡಿದರು. ಹೆಣ್ಣು ನೋಡಲು ಬಂದವರ ಸೈಕಲ್ ಮುರಿಯುವ ಮನೆಯನ್ನು ತಮ್ಮ ಜನ್ಮದಲ್ಲಿ ಕಂಡಿಲ್ಲ ಅಂದರು. ಕಂಡಿರಲಿಕ್ಕಿಲ್ಲ, ಬಿಡಿ. ಸೂರಜ್ ಅಂಗಳಕ್ಕೆ ಹೋಗಿ ಗೆರೆಯ ಮೇಲೆ ಬೆರಳಾಡಿಸಿದ. "ಎಷ್ಟು ಬಿಗಿದಿರಿ ಕಾಕಾ?" "ಎರಡು ಸುತ್ತು. ಮೇಲೆ ದೇವರದು ಅರ್ಧ." "ಇಲ್ಲಿ ಬರ್ದಿದೆಯಲ್ಲ, ಐದು ನ್ಯೂಟನ್ ಮೀಟರ್ ಅಂತ. ಬಿಗಿಯ ಅಳತೆ ಅದು. ಅದಕ್ಕಿಂತ ಮೇಲೆ ಹೋಗಬೇಡಿ ಅಂತ ಅರ್ಥ." ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಆಯಿ ಕೂಡ ನೋಡಿದಳು, ಅವಳಿಗೆ ಒಂದಕ್ಷರ ಇಂಗ್ಲಿಷ್ ಬರುವುದಿಲ್ಲ.

"ಇದು ಇನ್ನು ಓಡಿಸಲಿಕ್ಕೆ ಬರೋದಿಲ್ಲ. ಬಿರುಕು ಬಿಟ್ಟದ್ದನ್ನು ಎಸೆಯೋದೇ" ಅಂದ ಸೂರಜ್. ಸಿಟ್ಟಿನಿಂದ ಅಲ್ಲ. ಸಿಟ್ಟು ಮಾಡಿದ್ದರೆ ನಮಗೆ ಹಗುರವಾಗುತ್ತಿತ್ತು. ಸೈಕಲ್ಲನ್ನು ಅಂಗಡಿಯ ಗೋಡೆಗೆ ಒರಗಿಸಿ, ಓಮ್ನಿಯ ಹಿಂದಿನ ಸೀಟಿನಲ್ಲಿ ಕೂತು ಹೋದ. "ತಿಳಿಸ್ತೇವೆ" ಅಂದರು ದುರ್ಗಪ್ಪ. ದೀಪಾಲಿ ಓಮ್ನಿ ತಿರುವು ದಾಟುವವರೆಗೆ ನಿಂತಳು. ಈ ಸಲ "ಬೇಡ" ಅನ್ನಲಿಲ್ಲ, ಸೀರೆ ಬದಲಿಸಲು ಹೋದಳು.

ವಾರ ಕಳೆದರೂ ಸುದ್ದಿ ಇಲ್ಲ. ದೀಪಾಲಿ ನನ್ನ ಹತ್ತಿರ ಮಾತು ಬಿಟ್ಟಳು. ಅಕ್ಕ ಚಹಾ ಕೊಡುತ್ತಿದ್ದಳು, ಸಕ್ಕರೆ ಇಲ್ಲದೆ. ಭಾವ ಅಂಗಡಿಯಲ್ಲಿ ಆ ಸೈಕಲ್ಲಿನ ಎದುರು ಕೂತಿರುತ್ತಿದ್ದ. ಒಂದು ದಿನ ಬಿರುಕಿನ ಮೇಲೆ ಬೆರಳಾಡಿಸುವಾಗ ಸಣ್ಣ ಸಿಬಿರು ಚುಚ್ಚಿತು. ಬೆರಳನ್ನು ಬೆಳಕಿಗೆ ಹಿಡಿದು ನೋಡಿದವನೇ, "ಇದು ಮಂಗೇಶನ ದೋಣಿಯ ಮುಳ್ಳು" ಅಂದ. ಮಂಗೇಶ ಬೈತಖೋಲಿನಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವನು. ಅವನ ಹತ್ತಿರ ಹೋದವರ ಕೈಗೆಲ್ಲ ಇಂಥದೇ ಮುಳ್ಳು. ನೂಲು ಮತ್ತು ಅಂಟು ಅಂದಿದ್ದನಲ್ಲ ಹುಡುಗ, ದೋಣಿಯೂ ಅದೇ ತಾನೇ.

ನಾವಿಬ್ಬರೂ ಸೈಕಲ್ಲನ್ನು ಟೆಂಪೋದಲ್ಲಿ ಹಾಕಿಕೊಂಡು ಹೋದೆವು. ಮಂಗೇಶ ಬಿರುಕು ನೋಡಿ, "ಯಾವ ಬಂಡೆಗೆ ಬಡಿದದ್ದು?" ಅಂತ ಕೇಳಿದ. "ದೇವರಿಗೆ" ಅಂದೆ ನಾನು. ಭಾವ ನನ್ನನ್ನು ಕೆಕ್ಕರಿಸಿ ನೋಡಿದ. ಮಂಗೇಶ ಫ್ರೇಮನ್ನು ಬೆರಳಲ್ಲಿ ತಟ್ಟಿದ, ಮೂಸಿದ. "ಇದು ಸೈಕಲ್ ಅಲ್ಲ ದೇವಾ, ದೋಣಿಯೇ. ಚಕ್ರ ಹಚ್ಚಿದ್ದಾರೆ ಅಷ್ಟೇ" ಅಂದ. ಬಿರುಕನ್ನು ಕೆರೆದು, ನಾರಿನ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಮೂರು ಪದರ ಸುತ್ತಿ, ಒಣಗಿಸಿ, ಉಜ್ಜಿ ನಯ ಮಾಡಿದ. ದೋಣಿಗೆ ಮಾಡುವ ಹಾಗೆಯೇ ಒಂದು ತೆಂಗಿನಕಾಯಿ ಒಡೆದು ಕಳಿಸಿದ.

ಅಲ್ಲಿಗೆ ಹುಡುಗನಿಗೆ ಕೊಟ್ಟು ಬರಬಹುದಿತ್ತು. ಭಾವ ಒಪ್ಪಲಿಲ್ಲ. "ಮುರಿಯೋದಾದ್ರೆ ಮೊದಲು ನನ್ನ ಕೆಳಗೆ ಮುರೀಲಿ" ಅಂದ. ಅಂದಿನಿಂದ ದಿನಾ ಸಂಜೆ, ಐವತ್ತೇಳು ವರ್ಷದ ಎಪ್ಪತ್ತೆಂಟು ಕಿಲೋದ ದೇವಾನಂದ, ಖಾಕಿ ಅರ್ಧ ಚಡ್ಡಿ, ಹವಾಯಿ ಚಪ್ಪಲಿ ಹಾಕಿಕೊಂಡು, ಮಾರುತಿ ಕಾರಿನ ಬೆಲೆಯ ಸೈಕಲ್ಲನ್ನು ಬಿಣಗಾ ಘಟ್ಟದವರೆಗೆ ಹೊಡೆದು ತಿರುಗಿ ಬರುತ್ತಿದ್ದ. ಬೇಕೆಂದೇ ಹೊಂಡದ ಮೇಲೆ ಹಾಯಿಸುತ್ತಿದ್ದ. ಮೊದಲ ದಿನ ಹಲ್ಲು ಕಚ್ಚಿಕೊಂಡು ಹೋದವನು ಮೂರನೇ ದಿನ ಶಿಳ್ಳೆ ಹಾಕಿಕೊಂಡು ಬಂದ. "ಕೇಶವ, ಇದು ತುಳಿಯೋದಲ್ಲ ಮಾರಾಯ, ನೆನೆಸಿಕೊಂಡ್ರೆ ಸಾಕು, ಹೋಗ್ತದೆ" ಅಂದ. ಚೆಂಡಿಯಾದ ಹಳೇ ಜಾಗದ ಗೋಡೆ ರಸ್ತೆಗೆ ಕಾಣುತ್ತದೆ. ಹತ್ತು ವರ್ಷದಿಂದ ಅಲ್ಲಿ ಬಸ್ಸಿನಲ್ಲಿ ಹೋಗುವಾಗ ತಲೆ ತಗ್ಗಿಸುತ್ತಿದ್ದವನು ಈಗ ಅದರ ಮುಂದೆ ಶಿಳ್ಳೆ ಹಾಕುತ್ತ ಹೋಗುತ್ತಿದ್ದ. ನನಗೆ ಅದನ್ನು ಕೇಳಿಯೇ ಹೊಟ್ಟೆ ತುಂಬುತ್ತಿತ್ತು.

ಹನ್ನೆರಡನೇ ದಿನ ಶನಿವಾರ. ನಾನು ಅಂಗಡಿಯ ಮುಂದೆ ವಾಚು ನೋಡುತ್ತ ನಿಂತಿದ್ದೆ. ಮೊದಲು ಭಾವ ಬಂದ. ಅವನ ಹಿಂದೆ, ಹೌದು, ಹಿಂದೆ, ಕಾರವಾರ-ಅಂಕೋಲಾ ಬಸ್ಸು ಬಂತು. ಬಸ್ಸು ನಿಂತಿತು. ಶಾಲೆಯ ಸ್ಪೆಷಲ್ ಕ್ಲಾಸ್ ಮುಗಿಸಿದ ದೀಪಾಲಿ ಮುಂದಿನ ಬಾಗಿಲಿಂದ ಇಳಿದಳು, ಹೊಟ್ಟೆ ಹಿಡಿದುಕೊಂಡು ನಗುತ್ತ. ಹಿಂದಿನ ಬಾಗಿಲಿಂದ ಸೂರಜ್ ಇಳಿದ.

ಆದದ್ದು ಇಷ್ಟು. ಅರ್ಗಾದ ಹತ್ತಿರ ಖಾಕಿ ಚಡ್ಡಿಯವನೊಬ್ಬ ಬಸ್ಸನ್ನು ಹಿಂದೆ ಹಾಕಿ ಹೋದಾಗ ಕಂಡಕ್ಟರ್, "ಯಾರ್ರೀ ಅವ?" ಅಂತ ಕೇಳಿದ. ದೀಪಾಲಿ ತಡೆಯಲಾರದೆ "ನಮ್ಮಪ್ಪ" ಅಂದಳು. ಬಸ್ಸಿನ ಹಿಂದಿನಿಂದ ಇನ್ನೊಂದು ದನಿ, "ನನ್ನ ಸೈಕಲ್ಲು" ಅಂತು. ಅವನು ಎರಡು ಶನಿವಾರದಿಂದ ಅಮದಳ್ಳಿಯಲ್ಲಿ ಇಳಿಯಬೇಕು ಅಂತ ಹೊರಟು, ಧೈರ್ಯ ಸಾಲದೆ ಹಾಗೇ ಅಂಕೋಲೆಗೆ ಹೋಗಿಬಿಡುತ್ತಿದ್ದನಂತೆ. ದುರ್ಗಪ್ಪ ಈ ಸಂಬಂಧ ಬೇಡವೇ ಬೇಡ ಅಂದಿದ್ದರು. ಇವನ ಕಿವಿಯಿಂದ ಆ ನಗು ಹೋಗಿರಲಿಲ್ಲ.

ಸೂರಜ್ ಮಂಗೇಶನ ಪಟ್ಟಿಯ ಮೇಲೆ ಕೈಯಾಡಿಸಿದ. ಸೈಕಲ್ ಎತ್ತಿ ನೋಡಿ, "ಭಾರ ಆಗಿದೆ" ಅಂದ. ಭಾವನ ಮುಖ ಇಳಿಯಿತು. ನೂರು ಗ್ರಾಂ ಇಳಿಸಲು ಈ ಹುಡುಗರು ಎಷ್ಟು ಸುರಿಯುತ್ತಾರೆ ಅಂತ ಅಷ್ಟರಲ್ಲಿ ನಮಗೂ ಗೊತ್ತಾಗಿತ್ತು. ಸೂರಜ್ ಚೀಲದಿಂದ ಒಂದು ಹೊಸ ಪಾನಾ ತೆಗೆದು ಭಾವನ ಕೈಗಿಟ್ಟ. "ನಿಮಗೆ ಅಂತ ತಂದದ್ದು ಕಾಕಾ. ಅಳತೆ ಮುಟ್ಟಿದರೆ ಇದು ತಾನೇ ಟಿಕ್ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಒಮ್ಮೆ ಬಿಗಿದು ನೋಡಿ."

ಭಾವ ಬೋಲ್ಟು ಸಡಿಲಿಸಿ, ಬಿಗಿಯಲು ಶುರು ಮಾಡಿದ. ಟಿಕ್ ಅಂತು. ಅವನ ಬಲಗೈಗೆ ಇನ್ನರ್ಧ ಬೇಕಾಗಿತ್ತು. ಮೂವತ್ತೈದು ವರ್ಷದ ಚಟ. ಎಡಗೈಯಿಂದ ಬಲಗೈಯನ್ನು ಹಿಡಿದು ಎಳೆದುಕೊಂಡ.

"ಸಾಕಾ?" ಅಂದ.

"ಸಾಕು."

"ದೇವರಿಗೆ?"

"ದೇವರದೂ ಸೇರಿಯೇ ಐದು, ಕಾಕಾ."

ಭಾವ ಪಾನಾವನ್ನು ಅಂಗಿಯಲ್ಲಿ ಒರೆಸಿ ಕೆಳಗಿಟ್ಟ. ಸೂರಜ್ ಸೈಕಲ್ ಹತ್ತಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು, "ಅಡ್ಡಿಲ್ಲ" ಅಂದ. ನಾನು ಸುಮ್ಮನಿರಬೇಕಿತ್ತು, ಆದರೆ ಕೇಳಿದೆ: "ಸೈಕಲ್ ಅಡ್ಡಿಲ್ಲವೋ, ನಮ್ಮ ಹುಡುಗಿ ಅಡ್ಡಿಲ್ಲವೋ?" ಅವನು ದೀಪಾಲಿಯ ಕಡೆ ನೋಡಿದ. "ಅದನ್ನು ಅವರು ಹೇಳ್ಬೇಕು ಮಾಮಾ." ದೀಪಾಲಿ ಇಪ್ಪತ್ತು ದಿನದ ಮೇಲೆ ಮೊದಲ ಸಲ ನನ್ನ ಹತ್ತಿರ ಮಾತಾಡಿದಳು. "ಮಾಮಾ, ನೀನು ಒಳಗೆ ಹೋಗು" ಅಂದಳು.

ವೈಶಾಖದಲ್ಲಿ ಅಂಕೋಲೆಯಲ್ಲಿ ಮದುವೆ. ದುರ್ಗಪ್ಪ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ಸೂರಜ್ ಮಾಂಗಲ್ಯದ ದಾರ ಹಿಡಿದು ಒಂದು ಗಂಟು ಹಾಕಿದ, ಎರಡು ಹಾಕಿದ, ಮೂರನೆಯದನ್ನು ಹಾಕಿ ಕೈ ತೆಗೆಯಬೇಕು. ಭಟ್ಟರು ಅಕ್ಷತೆಗೆ ಕೈ ಎತ್ತಿಯೂ ಆಗಿತ್ತು. ಹುಡುಗ ಕೈ ತೆಗೆಯಲಿಲ್ಲ. ತಲೆ ಎತ್ತಿ ಮಾವನನ್ನು ಹುಡುಕಿದ. ಭಾವ ಕಂಬದ ಹತ್ತಿರ ಕಣ್ಣು ಮುಚ್ಚಿ, ಉಸಿರು ಹಿಡಿದು ನಿಂತಿದ್ದ. ಅವನ ಬಲಗೈ ಗಾಳಿಯಲ್ಲೇ ಅರ್ಧ ತಿರುಗಿತು. ಸೂರಜ್ ಅದನ್ನು ನೋಡಿ, ಬಗ್ಗಿ, ಇನ್ನೊಂದು ಸಣ್ಣ ಗಂಟು ಹಾಕಿದ.

"ನಾಲ್ಕನೆಯದು ಶಾಸ್ತ್ರದಲ್ಲಿಲ್ಲ" ಅಂದರು ಭಟ್ಟರು.

ಭಾವ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. "ಅದು ಶಾಸ್ತ್ರದ್ದಲ್ಲ ಭಟ್ರೇ, ನಮ್ಮ ಅಂಗಡಿಯದು" ಅಂದ.